ಉಸಿರು ಇಳಿಸಿಕೊಂಡು ನಿಮಗಾಗಿ ಕಾದೆ

ಮನೆಬಳಕೆಗೆ ವೈದ್ಯಕೀಯ ಸಾಧನಗಳನ್ನು ಎರವಲು ಕೊಡುವ ಯೋಜನೆಯ ಜಿಲ್ಲಾ ಅಧಿಕಾರಿಗಳಿಗೆ,

ಮಾನ್ಯರೇ,

ಕಳೆದ ತಿಂಗಳು ನೀವು ಗಂಗಾವತಿಯ ನಮ್ಮ ಓಣಿಗೆ ಬಂದಾಗ ನಾನು ನಿಮಗೆ ಸುಳ್ಳು ಹೇಳಿದೆ. ಎದ್ದು ಕೂಡಲು ಆಗುವುದಿಲ್ಲ ಎಂದೆ. ಸ್ನಾನ ಪಕ್ಕದ ಮನೆಯವಳು ಮಾಡಿಸುತ್ತಾಳೆ ಎಂದೆ. ನೀವು ನಂಬಿದಿರಿ, ನನ್ನ ಆಕ್ಸಿಜನ್ ಮಷೀನನ್ನು ನನ್ನ ಹತ್ತಿರವೇ ಬಿಟ್ಟು ಹೋದಿರಿ. ಸುಳ್ಳು ಹೇಳಿದ್ದಕ್ಕೆ ನನಗೆ ನಾಚಿಕೆಯಾಗಿದೆ. ಆದರೆ ಅದಕ್ಕೂ ಮೊದಲೊಮ್ಮೆ ನಾನು ನಿಜ ಹೇಳಿದ್ದೆ, ಆಗ ನೀವು ಅದೇ ಮಷೀನನ್ನು ವಾಪಸು ಕೇಳಿದ್ದಿರಿ. ಈ ನಾಚಿಕೆಯನ್ನು ಒಬ್ಬಳೇ ಹೊತ್ತು ಸಾಕಾಗಿದೆ. ನಿಮಗೂ ಒಂದು ಪಾಲು ಸಲ್ಲಬೇಕೆಂದು ತೋರಿದ್ದರಿಂದ ಈ ಪತ್ರವನ್ನು ಹತ್ತು ಮಂದಿ ಓದುವಂತೆ ಬರೆಯುತ್ತಿದ್ದೇನೆ.

ನಿಮಗೆ ನನ್ನ ನೆನಪು ಇರಲಿಕ್ಕಿಲ್ಲ. ನೀವು ನೋಡಿದ್ದು ನನ್ನ ಬೆರಳನ್ನು. ಉಳಿದದ್ದನ್ನು ಹೇಳಿಕೊಳ್ಳುತ್ತೇನೆ. ನಾನು ಹೇಮಾವತಿ, ರವಿಕೆ ಹೊಲಿಯುವವಳು. ಅದಕ್ಕೂ ಮೊದಲು ಬಹಳ ವರ್ಷ ರೈಸ್ ಮಿಲ್ಲಿನ ಅಂಗಳದಲ್ಲಿ ದುಡಿದೆ. ಈ ಊರಿನ ಅಕ್ಕಿಯನ್ನು ಎಲ್ಲೆಲ್ಲಿಯವರೋ ಉಣ್ಣುತ್ತಾರೆ, ಅದರ ಧೂಳು ಮಾತ್ರ ಇಲ್ಲಿಯವರ ಪಾಲಿಗೆ ಉಳಿಯುತ್ತದೆ. ನನ್ನ ಎದೆ ಕೆಟ್ಟಾಗ ಡಾಕ್ಟರು, ಮಿಲ್ಲಿನ ಧೂಳೂ ಇರಬಹುದು, ಕಟ್ಟಿಗೆ ಒಲೆಯ ಹೊಗೆಯೂ ಇರಬಹುದು ಎಂದರು. ಯಾರ ಮೇಲೆ ದೂರು ಹೇಳಲಿ? ಎರಡರಿಂದಲೂ ಹೊಟ್ಟೆ ತುಂಬಿಸಿಕೊಂಡವಳು ನಾನು. ಎಸ್ಸೆಸ್ಸೆಲ್ಸಿ ಓದಿದ್ದೇನೆ, ಮಿಲ್ಲಿನ ಹೆಂಗಸರ ಅರ್ಜಿಗಳನ್ನು ಬರೆದು ಬರೆದು ಸರ್ಕಾರದ ಕನ್ನಡವೂ ಬರುತ್ತದೆ. ಗಂಡ ಎಂದೋ ತೀರಿಕೊಂಡ, ಮಕ್ಕಳಿಲ್ಲ. ಹನುಮಸಾಗರದಲ್ಲಿ ತಮ್ಮನಿದ್ದಾನೆ, ಶರಣಕುಮಾರ, ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಬಾ ಎಂದು ಕರೆಯುತ್ತಲೇ ಇರುತ್ತಾನೆ. ಅವನು ಒಳ್ಳೆಯವನು, ಅವನ ಹೆಂಡತಿಯೂ ಒಳ್ಳೆಯವಳು. ಆದರೂ ಇನ್ನೊಬ್ಬರ ಮನೆಯಲ್ಲಿ ಒಳ್ಳೆಯವಳಾಗಿ ಇರುವುದಕ್ಕಿಂತ ನನ್ನ ಮನೆಯಲ್ಲಿ ನನಗೆ ಬೇಕಾದಂತೆ ಇರುವುದು ನನಗೆ ಒಗ್ಗಿದೆ. ಒಬ್ಬಳೇ ಇರುವುದು ನನ್ನ ಹಣೆಬರಹ ಎಂದು ಮರುಗುವವರಿದ್ದಾರೆ. ಅಲ್ಲ, ಅದು ನಾನು ಬೇಕೆಂದೇ ಇಟ್ಟುಕೊಂಡದ್ದು.

ಮಷೀನು ಬರುವುದಕ್ಕೆ ಮೊದಲು ನಾನು ಹೇಗಿದ್ದೆ ಎಂಬುದನ್ನು ಹೇಳಲೇಬೇಕು, ಯಾಕೆಂದರೆ ನೀವು ನನ್ನನ್ನು ಮತ್ತೆ ಅಲ್ಲಿಗೇ ಕಳಿಸಲು ಹೊರಟಿದ್ದಿರಿ. ಮಂಚದಿಂದ ಬಚ್ಚಲಿಗೆ ಹೋಗಬೇಕಾದರೆ ನಡುವೆ ಗೋಡೆ ಹಿಡಿದು ನಿಲ್ಲಬೇಕಿತ್ತು, ಆಮೇಲೆ ಕೂಡಬೇಕಿತ್ತು, ಆಮೇಲೆ ಅಲ್ಲಿಗೆ ಯಾಕೆ ಹೊರಟಿದ್ದೆ ಎಂಬುದೇ ಬೇಡವಾಗುತ್ತಿತ್ತು. ಆಗ ನನಗೆ ಸ್ನಾನ ಮಾಡಿಸಿದವಳು ಪಕ್ಕದ ಮನೆಯ ಶಮೀನಾ. ಬಳೆ ಮಾರುವವಳು. ಊರ ಹೆಂಗಸರ ಕೈಗೆಲ್ಲ ನೋಯದಂತೆ ಬಳೆ ಇಡುವ ಕೈ ಅವಳದು, ನನ್ನ ಬೆನ್ನಿಗೂ ಅಷ್ಟೇ ಮೆತ್ತಗೆ ನೀರು ಹಾಕುತ್ತಿದ್ದಳು. ಆದರೂ ಮಾನ್ಯರೇ, ಇಷ್ಟು ವಯಸ್ಸಿನ ಹೆಂಗಸು ಇನ್ನೊಬ್ಬಳ ಕೈಯಿಂದ ಸೀರೆ ಬಿಚ್ಚಿಸಿಕೊಳ್ಳುವುದು ಎಂದರೆ ಏನು ಎಂದು ನಿಮ್ಮ ಯಾವ ಸುತ್ತೋಲೆಯಲ್ಲೂ ಇರಲಿಕ್ಕಿಲ್ಲ. ಮೊದಲ ದಿನ ನಾನು ಮುಖ ತಿರುಗಿಸಿ ಕೂತಿದ್ದೆ.

“ಹೇಮಕ್ಕಾ, ನೀವು ಕಣ್ಣ ಮುಚ್ಕೊಳ್ರಿ,” ಎಂದಳು ಶಮೀನಾ. “ನಾನೂ ಮುಚ್ಕೊಂತೀನಿ. ಇಬ್ರಿಗೂ ಏನೂ ಕಾಣಂಗಿಲ್ಲ, ಆತಿಲ್ಲೋ?”

ಆಮೇಲೆ ನಿಮ್ಮ ಯೋಜನೆಯಿಂದ ಮಷೀನು ಬಂತು. ಉಪಕಾರವನ್ನು ಮರೆಯುವವಳಲ್ಲ ನಾನು, ಅದನ್ನೂ ಇಲ್ಲಿಯೇ ಎಲ್ಲರೆದುರು ಹೇಳುತ್ತೇನೆ. ದೊಡ್ಡ ಟ್ರಂಕಿನಷ್ಟು ಎತ್ತರ, ಗಾಲಿ ಉಂಟು, ಕರೆಂಟಿನ ಮೇಲೆ ನಡೆಯುತ್ತದೆ. ಮನೆಯ ಗಾಳಿಯನ್ನೇ ಎಳೆದುಕೊಂಡು ಅದರಲ್ಲಿ ನನಗೆ ಬೇಕಾದದ್ದನ್ನು ಸೋಸಿ ಪೈಪಿನಲ್ಲಿ ಮೂಗಿಗೆ ಕಳಿಸುತ್ತದೆ. ಕರೆಂಟು ಹೋದರೆ ಮಂಚದ ಪಕ್ಕ ಸಣ್ಣ ಸಿಲಿಂಡರು ಇದೆ. ಪೈಪು ಉದ್ದ ಇದೆ, ಒಳಗಿನ ಕೋಣೆಯಿಂದ ಬಚ್ಚಲಿಗೂ ಬರುತ್ತದೆ, ಅಡುಗೆಮನೆಗೂ ಬರುತ್ತದೆ, ಬೀದಿ ಬಾಗಿಲ ಹೊಸ್ತಿಲಿಗೆ ಬಂದು ಸಾಕು ಎನ್ನುತ್ತದೆ. ಹೊಸ್ತಿಲ ಪಕ್ಕವೇ ನನ್ನ ಹೊಲಿಗೆ ಮಷೀನು. ತುಳಿಯುವ ಶಕ್ತಿ ಇಲ್ಲವೆಂದು ಅದಕ್ಕೆ ಮೋಟಾರು ಕೂಡಿಸಿದ್ದೇನೆ. ಬೆಂಕಿಯ ಹತ್ತಿರ ಹೋಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ಕರೆಂಟಿನ ಒಲೆಯ ಮೇಲೆ ಅನ್ನ ಸಾರು ಮಾಡಿಕೊಳ್ಳುತ್ತೇನೆ. ರೊಟ್ಟಿ ಮಾತ್ರ ಶಮೀನಾಳ ಮನೆಯಿಂದ ಬರುತ್ತದೆ, ಅದಕ್ಕೆ ಬದಲು ಅವಳ ಮನೆಯ ಹೊಲಿಗೆ ಎಲ್ಲ ನನ್ನದು.

ಮಷೀನು ಬಂದ ವಾರ ನಾನು ಮೊದಲು ಮಾಡಿದ ಕೆಲಸವೆಂದರೆ ಬಚ್ಚಲ ಕದ ಒಳಗಿನಿಂದ ಹಾಕಿಕೊಂಡದ್ದು. ಪೈಪು ಕದದ ಕೆಳಗಿನ ಸಂದಿನಿಂದ ಬಂತು. ಸ್ಟೂಲಿನ ಮೇಲೆ ಕೂತು ನಾನೇ ನೀರು ಹಾಕಿಕೊಂಡೆ, ನಾನೇ ಸೀರೆ ಉಟ್ಟುಕೊಂಡೆ. ಹೊರಗೆ ಶಮೀನಾ ಟವೆಲು ಹಿಡಿದು ನಿಂತೇ ಇದ್ದಳು. ನಾನು ಕದ ತೆಗೆದು ಬಂದಾಗ, “ಮುಗೀತು, ನನ್ನ ನೌಕರಿ ಹೋತು,” ಎಂದಳು. ಇಬ್ಬರೂ ಬಹಳ ಹೊತ್ತು ನಕ್ಕೆವು. ಆ ವರ್ಷದ ದಸರೆಗೆ ಎರಡೂ ಮಷೀನಿಗೆ ವಿಭೂತಿ ಕುಂಕುಮ ಹಚ್ಚಿ, ಎರಡಕ್ಕೂ ಹೂವು ಏರಿಸಿ ಪೂಜೆ ಮಾಡಿದೆ. ಒಂದು ಅನ್ನ ಕೊಡುತ್ತದೆ, ಇನ್ನೊಂದು ಆ ಅನ್ನ ದುಡಿಯುವ ಉಸಿರು ಕೊಡುತ್ತದೆ. ಗಿರಾಕಿಗಳು ಮೊದಮೊದಲು ಅಂಟುರೋಗವೇನೋ ಎಂದು ಹೊಸ್ತಿಲ ಆಚೆಯೇ ನಿಂತು ಅಳತೆಯ ರವಿಕೆ ಕೊಡುತ್ತಿದ್ದರು, ನಾನೂ ಪೈಪಿನ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದೆ. ಬರಬರುತ್ತ ಅವರಿಗೂ ರೂಢಿಯಾಯಿತು, ನಾನೂ ಸೆರಗು ಎಳೆದುಕೊಳ್ಳುವುದನ್ನು ಬಿಟ್ಟೆ.

ಹೀಗಿರುವಾಗ ನೀವು ಮರುಪರಿಶೀಲನೆಗೆ ಬಂದಿರಿ. ಕೊಟ್ಟ ವಸ್ತು ಬಳಕೆಯಾಗುತ್ತಿದೆಯೋ ಇಲ್ಲವೋ ನೋಡಲು ಬರುತ್ತಾರೆ ಎಂದುಕೊಂಡು ನಾನು ಹಬ್ಬದ ಹಾಗೆ ತಯಾರಾಗಿದ್ದೆ. ಮನೆ ಸಾರಿಸಿದೆ, ತಲೆ ಬಾಚಿ ಹೂವು ಮುಡಿದೆ, ಇಳಕಲ್ ಸೀರೆ ಉಟ್ಟೆ. ನೀವು ಬಂದಾಗ ಬಾಗಿಲು ತೆಗೆದವಳು ನಾನೇ, ಚಹಾ ಕೊಟ್ಟವಳೂ ನಾನೇ. ಹೊಲಿದಿಟ್ಟ ರವಿಕೆಗಳನ್ನು ತೋರಿಸಿದೆ. ಬಚ್ಚಲಿಗೆ ಪೈಪು ಹೇಗೆ ಬರುತ್ತದೆ ಎಂದು ನಡೆದು ತೋರಿಸಿದೆ. ನೀವು ನನ್ನ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಹಾಕಿದಿರಿ. ಪೈಪು ಮೂಗಿನಲ್ಲೇ ಇತ್ತು, ಮಷೀನು ಗುರುಗುಡುತ್ತಲೇ ಇತ್ತು. ಕ್ಲಿಪ್ಪಿನಲ್ಲಿ ತೊಂಬತ್ತಾರು ಎಂದು ಬಂತು. “ಚೆನ್ನಾಗಿದ್ದೀರಲ್ಲಮ್ಮ,” ಎಂದಿರಿ. ಶಾಲೆಯಲ್ಲಿ ಮಾಸ್ತರರು ಬೆನ್ನು ತಟ್ಟಿದಷ್ಟು ಖುಷಿಯಾಯಿತು ನನಗೆ. ಆ ಖುಷಿಯನ್ನು ನೆನೆಸಿಕೊಂಡರೆ ಈಗ ಮುಖ ಬಿಸಿಯಾಗುತ್ತದೆ.

ಸ್ವಲ್ಪ ದಿನಕ್ಕೆ ನಿಮ್ಮ ನೋಟೀಸು ಬಂತು. ‘ಫಲಾನುಭವಿಯ ಆರೋಗ್ಯ ಸ್ಥಿತಿಯು ಸುಧಾರಿಸಿರುವುದು ಕಂಡುಬಂದಿರುವುದರಿಂದ ಸದರಿ ಸಾಧನದ ಅವಶ್ಯಕತೆ ಇರುವುದಿಲ್ಲ. ಸಾಧನವನ್ನು ಸುಸ್ಥಿತಿಯಲ್ಲಿ ಮರಳಿಸತಕ್ಕದ್ದು.’ ಸುಸ್ಥಿತಿಯಲ್ಲಿ ಮರಳಿಸಬೇಕಾದದ್ದು ಸಾಧನವನ್ನು, ಫಲಾನುಭವಿಯ ಸುಸ್ಥಿತಿಯ ಬಗ್ಗೆ ನೋಟೀಸಿನಲ್ಲಿ ಮುಂದೆ ಏನೂ ಇರಲಿಲ್ಲ. ಮಾನ್ಯರೇ, ಹೆಂಗಸೊಬ್ಬಳಿಗೆ ರವಿಕೆ ತೊಡಿಸಿ, ಮೈ ಮುಚ್ಚಿದೆ, ಆದ್ದರಿಂದ ಇವಳಿಗೆ ಇನ್ನು ರವಿಕೆ ಬೇಡ ಎಂದು ನಾನು ಬಿಚ್ಚಿಸಿಕೊಂಡು ಹೋದರೆ ಓಣಿಯವರು ನನ್ನನ್ನು ಏನು ಮಾಡುತ್ತಾರೆ ಗೊತ್ತೆ? ನಿಮ್ಮ ಕಚೇರಿಯಲ್ಲಿ ಅದಕ್ಕೆ ಮರುಪರಿಶೀಲನೆ ಎನ್ನುತ್ತಾರೆ. ತೊಂಬತ್ತಾರು ನನ್ನದಾಗಿರಲಿಲ್ಲ, ಮಷೀನಿನದಾಗಿತ್ತು. ಇಷ್ಟು ಅರ್ಥವಾಗಲು ಎಷ್ಟು ಓದಿರಬೇಕು ಎಂಬುದು ನನಗೆ ತಿಳಿಯದು.

ನಾನು ಬರೆದುಕೊಟ್ಟ ಮೇಲ್ಮನವಿಯನ್ನು ಹಿಡಿದು ಶಮೀನಾ ಬಸ್ಸು ಹತ್ತಿ ಕೊಪ್ಪಳಕ್ಕೆ ಬಂದಳು. ನಿಮ್ಮ ಕಚೇರಿಯ ವರಾಂಡದಲ್ಲಿ ಒಬ್ಬರು ಅವಳನ್ನು ಪಕ್ಕಕ್ಕೆ ಕರೆದು ದಾರಿ ತೋರಿಸಿದರು. ಅವರು ಯಾರೆಂದು ಹೇಳುವುದಿಲ್ಲ, ದಯವಿಟ್ಟು ಹುಡುಕಬೇಡಿ. ಅವರಿಗೆ ಕರುಣೆ ಇತ್ತು, ನಿಮ್ಮ ಪದ್ಧತಿಯೂ ಚೆನ್ನಾಗಿ ಗೊತ್ತಿತ್ತು.

“ನಿಮ್ಮ ಅಕ್ಕಾರು ಭಾಳ ನೀಟಾಗಿ ಅದಾರ್ರಿ,” ಎಂದರಂತೆ. “ನೀಟಾಗಿದ್ರ ನಡಿಯಂಗಿಲ್ಲ ಇಲ್ಲಿ. ಸಾಹೇಬ್ರು ಮತ್ತ ನೋಡಾಕ ಬರ್ತಾರ. ಬರೂ ಮುಂದ ಪೈಪ್ ತಗದಿಡ್ರಿ, ನಂಬರ್ ತಾನ ಬೀಳ್ತೈತಿ. ಹಾಸಿಗಿ ಮ್ಯಾಲ ಮಲಗಿಸ್ರಿ. ಏನ್ ಕೇಳಿದ್ರೂ ಆಗಂಗಿಲ್ಲ ಅನ್ನಿಸ್ರಿ. ಎಲ್ಲಾರೂ ಹಂಗ ಮಾಡೂದು.”

ಎಲ್ಲರೂ ಹಾಗೆ ಮಾಡುವುದು ಎಂಬ ಮಾತನ್ನು ಶಮೀನಾ ಅದೇ ವರಾಂಡದಲ್ಲಿ ಕೂತವರಿಂದ ಇನ್ನೂ ವಿವರವಾಗಿ ಕೇಳಿಕೊಂಡು ಬಂದಳು. ಕುಷ್ಟಗಿಯ ಒಬ್ಬರು ನಿಮ್ಮ ಜೀಪು ಬರುವ ದಿನ ವಾಕರನ್ನು ಹಿತ್ತಲಲ್ಲಿ ಕಟ್ಟಿಗೆಯ ಹಿಂದೆ ಬಚ್ಚಿಡುತ್ತಾರೆ. ಯಲಬುರ್ಗಾ ಕಡೆಯ ಒಬ್ಬ ಅಜ್ಜಿಯನ್ನು, ತಲೆಯ ಕಡೆ ಎತ್ತಬಹುದಾದ ಮಂಚದಿಂದ ಇಳಿಸಿ ನೆಲದ ಮೇಲೆ ಚಾಪೆ ಹಾಸಿ ಮಲಗಿಸುತ್ತಾರೆ. ಹೆಸರು ಹೇಳಿದರೆ ಅವರ ವಸ್ತುಗಳೂ ಹೋಗುತ್ತವೆ, ಹಾಗಾಗಿ ಹೇಳುವುದಿಲ್ಲ. ನಿಮ್ಮ ಜೀಪು ಹೊರಟ ದಿನ ಜಿಲ್ಲೆಯ ರೋಗಿಗಳೆಲ್ಲ ಮುಂಜಾನೆ ಹಾಸಿಗೆ ಹಿಡಿದು, ಸಂಜೆ ನೀವು ತಿರುಗಿ ಹೋದ ಮೇಲೆ ಗುಣವಾಗುತ್ತಾರೆ. ಇಂಥ ಪವಾಡವನ್ನು ಯಾವ ಮಠದ ಸ್ವಾಮಿಗಳೂ ಮಾಡಿದ್ದು ನಾನು ಕೇಳಿಲ್ಲ.

ನಾನೂ ಅವರಲ್ಲಿ ಒಬ್ಬಳಾದೆ. ನಿಮ್ಮ ಎರಡನೆಯ ಭೇಟಿಯ ದಿನ ಹೊಲಿಗೆ ಮಷೀನನ್ನು ಶಮೀನಾಳ ಮನೆಗೆ ಸಾಗಿಸಿದೆವು. ಹಿಂದಿನ ದಿನದಿಂದ ತಲೆ ಬಾಚಿರಲಿಲ್ಲ. ಪಾತ್ರೆಗಳನ್ನು ತೊಳೆಯದೆ ಬಿಟ್ಟಿದ್ದೆವು. ಶಮೀನಾ ನನ್ನ ಹಾಸಿಗೆಯ ಮೇಲೆ ಹಳೆಯ ಕೌದಿ ಎಳೆದು ಮುದುರುತ್ತ, “ಅಲ್ಲಾ ಮಾಫ್ ಮಾಡ್ಲಿ, ಛಲೋ ಇದ್ದ ಮನಿ ಹೊಲಸು ಮಾಡಾಕ ಹತ್ತೀನಿ,” ಎಂದಳು. ನೀವು ಕೊಪ್ಪಳ ಬಿಟ್ಟಿರಿ ಎಂದು ನಿಮ್ಮ ಕಚೇರಿಯಿಂದ ಫೋನು ಬಂದಾಗ ನಾನು ಪೈಪು ತೆಗೆದಿಟ್ಟೆ. ಆದರೆ ನೀವು ನೇರ ಬರಲಿಲ್ಲ. ಜೊತೆಗಿದ್ದ ಅತಿಥಿಗಳಿಗೆ ಸಾಣಾಪುರದ ಕೆರೆ ತೋರಿಸಿ ಬಂದಿರಂತೆ. ಕೆರೆ ಚೆನ್ನಾಗಿದೆ, ನೋಡಬೇಕಾದದ್ದೇ. ಅದು ನನಗೆ ಆಮೇಲೆ ತಿಳಿಯಿತು. ಆಗ ಪ್ರತಿ ಗಾಡಿಯ ಸದ್ದಿಗೂ ನೀವೇ ಎಂದುಕೊಂಡು, ಈಗ ಹಾಕಿಕೊಂಡರೆ ಇಷ್ಟು ಹೊತ್ತಿನ ಶ್ರಮ ಹಾಳಾಗುತ್ತದೆ ಎಂದು ಹಾಗೆಯೇ ಮಲಗಿದ್ದೆ.

ಉಸಿರು ಸಾಲದಿರುವುದು ನೋವಲ್ಲ ಮಾನ್ಯರೇ, ಹೆದರಿಕೆ. ಎಷ್ಟು ಎಳೆದುಕೊಂಡರೂ ಒಳಗೆ ಇನ್ನೂ ಬೇಕು ಎನ್ನುತ್ತದೆ. ಉಗುರು ನೇರಳೆ ಬಣ್ಣಕ್ಕೆ ತಿರುಗಿದ್ದನ್ನು ನಾನೇ ನೋಡಿದೆ. ಶಮೀನಾ ಪೈಪು ಹಿಡಿದು ಮಂಚದ ಪಕ್ಕ ನಿಂತಳು.

“ಸಾಕ್ರಿ ಹೇಮಕ್ಕಾ, ಹಾಕ್ಕೊಳ್ರಿ. ಮಷೀನ್ ಉಳಿಸಾಕ ಹೋಗಿ ನೀವ ಹೋದ್ರ ನಾ ಏನ್ ಮಾಡ್ಲಿ?”

“ನಂಬರ್... ಏರತೈತಿ,” ಎಂದೆ. ಅಷ್ಟು ಹೇಳುವುದಕ್ಕೂ ನಡುವೆ ನಿಲ್ಲಬೇಕಾಯಿತು. ಅವಳು ನನ್ನ ಮಾತು ಕೇಳಿದ್ದಕ್ಕೆ ಈಗ ತನ್ನನ್ನೇ ಬೈದುಕೊಳ್ಳುತ್ತಾಳೆ. ಒಬ್ಬ ಒಳ್ಳೆಯ ಹೆಂಗಸನ್ನು ಹಾಗೆ ನಿಲ್ಲಿಸಿದ್ದು ನನಗಿರುವ ನಾಚಿಕೆಗಳಲ್ಲಿ ಚಿಕ್ಕದೇನಲ್ಲ.

ನೀವು ಬಂದಿರಿ. ಕ್ಲಿಪ್ಪು ಹಾಕಿದಿರಿ. ಎಪ್ಪತ್ತೆಂಟು ಬಂತು. ನೀವು ಜೊತೆಗಿದ್ದ ಗುಮಾಸ್ತರ ಕಡೆ ತಿರುಗಿ, “ಹಾಂ, ಈಗ ಸರಿಯಾಗಿದೆ,” ಎಂದಿರಿ. ನೀವು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ನಿಮ್ಮ ದನಿಯಲ್ಲಿ ನಿಜವಾದ ಸಮಾಧಾನ ಇತ್ತು. ಬಡವಳಿಗೆ ಅನ್ಯಾಯವಾಗುವುದು ತಪ್ಪಿತಲ್ಲ ಎಂಬ ಸಮಾಧಾನ. ನನ್ನ ಉಸಿರು ಸರಿ ಇದ್ದಾಗ ನಿಮ್ಮ ಲೆಕ್ಕ ತಪ್ಪಿತ್ತು, ನನ್ನ ಉಸಿರು ತಪ್ಪಿದಾಗ ನಿಮ್ಮ ಲೆಕ್ಕ ಸರಿಯಾಯಿತು. ಹಾಸಿಗೆಯ ಮೇಲೆ ಬಾಯಿ ತೆರೆದು ಬಿದ್ದಿದ್ದರೂ ಆ ಮಾತು ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು.

ಆಮೇಲೆ ನಿಮ್ಮ ಪ್ರಶ್ನೆಗಳು. ಎದ್ದು ಕೂಡುತ್ತೀರಾ ಎಂದಿರಿ, ತಲೆ ಅಲ್ಲಾಡಿಸಿದೆ. ಸ್ನಾನ ಯಾರು ಮಾಡಿಸುತ್ತಾರೆ ಎಂದಿರಿ, ಶಮೀನಾಳ ಕಡೆ ಕೈ ತೋರಿಸಿದೆ. ಸಂಡಾಸಿಗೆ ಯಾರು ಕರೆದುಕೊಂಡು ಹೋಗುತ್ತಾರೆ ಎಂದಿರಿ. ಜೀಪಿನ ಹಿಂದೆ ಬಂದ ಓಣಿಯ ಮಂದಿ ಬಾಗಿಲಲ್ಲಿ ನಿಂತಿತ್ತು, ನಿಮ್ಮ ಅತಿಥಿಗಳೂ ಇದ್ದರು. ಎಲ್ಲರೆದುರು ಅದಕ್ಕೂ ಅವಳ ಕಡೆಯೇ ಕೈ ತೋರಿಸಿದೆ. ಶಮೀನಾ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಬಚ್ಚಲ ಕದವನ್ನು ಒಳಗಿನಿಂದ ಹಾಕಿಕೊಳ್ಳುವ ಒಂದು ಹಕ್ಕನ್ನು ನಾನು ಎಷ್ಟು ಕಷ್ಟಪಟ್ಟು ಗಳಿಸಿದ್ದೆ ಎಂಬುದು ಅಲ್ಲಿದ್ದವರಲ್ಲಿ ಅವಳಿಗೊಬ್ಬಳಿಗೇ ಗೊತ್ತಿತ್ತು. ಅದನ್ನು ಒಂದು ಕೈ ಸನ್ನೆಯಲ್ಲಿ ಬಿಟ್ಟುಕೊಟ್ಟೆ.

ಅಲ್ಲಿಗೆ ಮುಗಿದಿದ್ದರೆ ನಾನೂ ನುಂಗಿಕೊಂಡು ಸುಮ್ಮನಿರುತ್ತಿದ್ದೆನೇನೋ. ಆದರೆ ಫೋಟೋ ಆಗಬೇಕಿತ್ತಲ್ಲ. ನನ್ನದೇ ಮಷೀನಿನ ಪೈಪನ್ನು ನೀವು ನಿಮ್ಮ ಕೈಯಿಂದ ನನ್ನ ಮೂಗಿಗೆ ಇಟ್ಟಿರಿ. ಮೊದಲ ಫೋಟೋ ಸರಿ ಬರಲಿಲ್ಲವೆಂದು ಪೈಪು ತೆಗೆದು ಮತ್ತೊಮ್ಮೆ ಇಟ್ಟಿರಿ. ಮರುದಿನ ಊರಿನ ವಾಟ್ಸಾಪಿನಲ್ಲೆಲ್ಲ ಅದೇ ಓಡಾಡಿತು, ‘ಅಸಹಾಯಕ ಮಹಿಳೆಗೆ ಉಸಿರು ನೀಡಿದ ಅಧಿಕಾರಿ’ ಎಂದು. ಕೆದರಿದ ತಲೆ, ಜಾರಿದ ಸೆರಗು, ತೆರೆದ ಬಾಯಿ. ಬೇರೆಯವರ ಭುಜ, ಬೆನ್ನು, ತೋಳು ಮುಚ್ಚಲು ಇಷ್ಟು ವರ್ಷ ಅಳತೆ ಹಿಡಿದವಳು ನಾನು. ನನ್ನ ಸೆರಗನ್ನು ಒಂದಿಷ್ಟು ಮೇಲಕ್ಕೆ ಎಳೆಯಬೇಕೆಂದು ಅಲ್ಲಿದ್ದ ಯಾರಿಗೂ ತೋಚಲಿಲ್ಲ.

ನಮ್ಮ ಕಡೆ ಒಂದು ಪದ್ಧತಿ ಇದೆ, ನಿಮಗೂ ಗೊತ್ತಿರಬೇಕು. ಯಾರಾದರೂ ಇನ್ನೇನು ಹೋಗುತ್ತಾರೆ ಎಂದು ಸುದ್ದಿಯಾದರೆ ಜನ ಮಾತಾಡಿಸಲು ಬರುತ್ತಾರೆ. ಬಾಳೆಹಣ್ಣು, ಬ್ರೆಡ್ಡು ಹಿಡಿದುಕೊಂಡು ಬಂದು, ಹಾಸಿಗೆಯ ಪಕ್ಕ ಕೂತು, ನನ್ನ ಗುರುತು ಸಿಕ್ಕಿತೇ ಎಂದು ಕೇಳಿ, ಎದ್ದು ಹೋಗುತ್ತಾರೆ. ಫೋಟೋ ನೋಡಿದವರು ನನ್ನನ್ನೂ ಮಾತಾಡಿಸಲು ಬರತೊಡಗಿದರು. ಬೇವೂರಿನಿಂದ ನನ್ನ ಅತ್ತೆಯ ಕಡೆಯ ಮುದುಕಿಯೊಬ್ಬರು ಬಸ್ಸಿಳಿದು ಓಣಿಯ ತುದಿಯಿಂದಲೇ ಅಳುತ್ತ ಬಂದರು. ಹೊಸ್ತಿಲಲ್ಲಿ ನಾನು ರವಿಕೆಗೆ ಹುಕ್ಕು ಹಚ್ಚುತ್ತ ಕೂತಿದ್ದನ್ನು ಕಂಡು ಅಳುವನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ, ತಂದ ಬ್ರೆಡ್ಡನ್ನು ನನ್ನ ತೊಡೆಯ ಮೇಲಿಟ್ಟು, “ಮಲಕ್ಕೋ ತಂಗಿ, ಮಲಕ್ಕೋ,” ಎಂದರು. ಮನೆ ತುಂಬ ಬಾಳೆಹಣ್ಣು. ತಿಂದವರು ಶಮೀನಾಳ ಮನೆಯವರು.

ನಗಬಹುದು, ನಾನೂ ನಕ್ಕೆ, ಫಕೀರಮ್ಮ ಬರುವತನಕ. ಅವರು ನನ್ನ ಹಳೆಯ ಗಿರಾಕಿ. ಮಗಳು ಅಮೃತಾಳ ಮದುವೆಯ ರವಿಕೆಗಳೆಲ್ಲ ನನ್ನ ಹತ್ತಿರವೇ ಇದ್ದವು, ಕತ್ತರಿಸಲು ಗುರುತು ಹಾಕಿದ್ದೆ. ಅವರೂ ಬಾಳೆಹಣ್ಣು ತಂದಿದ್ದರು. ಅದನ್ನು ಕೆಳಗಿಟ್ಟು, ನಿಂತೇ ಇದ್ದರು.

“ಹೇಮಕ್ಕಾ, ಅರಿವಿ ಕೊಟ್ಟುಬಿಡ್ರಿ. ನಿಮಗ ತ್ರಾಸ ಕೊಡಬಾರದು, ನೀವು ಆರಾಮ ಮಾಡ್ರಿ.”

“ನನಗೇನಾಗೈತ್ರಿ? ನೋಡ್ರಿ, ಕುಂತು ಹೊಲಿಯಾಕ ಹತ್ತೀನಿ.”

“ಫೋಟೋ ನೋಡೀನ್ರಿ ನಾ. ಸಂಡಾಸಕ್ಕೂ ಒಬ್ರು ಬೇಕಂತ ನೀವ ಹೇಳೀರಂತಲ್ಲ.”

ನಾನು ಏನು ಹೇಳಬೇಕಿತ್ತು, ನೀವೇ ಹೇಳಿ. ಅದು ಸುಳ್ಳು ಎಂದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ, ಮರುದಿನ ನಿಮ್ಮ ಜೀಪು. ಅದು ನಿಜ ಎಂದರೆ ರವಿಕೆ ಹೋಗುತ್ತದೆ. ಬಟ್ಟೆಗಳನ್ನು ಮಡಿಚಿ ಕೊಟ್ಟೆ. ಮದುಮಗಳ ರವಿಕೆಯನ್ನು ಸಾಯುವವಳ ಕೈಯಿಂದ ಹೊಲಿಸಬಾರದು ಎಂಬ ಭಯವೂ ಅವರಿಗೆ ಇತ್ತು, ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೇ. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಬಟ್ಟೆ ಒಯ್ದರು. ಎಲ್ಲರೂ ಮರುಕದಿಂದಲೇ ಒಯ್ದರು. ಬೈದು ಒಯ್ದಿದ್ದರೆ ತಿರುಗಿ ಬೈಯಬಹುದಿತ್ತು.

ಕೊನೆಗೆ ನನ್ನ ತಮ್ಮ ಬಂದ. ಗಾಡಿ ಮಾಡಿಕೊಂಡೇ ಬಂದಿದ್ದ. ಒಳಗೆ ಬಂದವನು ಕೂಡಲಿಲ್ಲ.

“ಅಕ್ಕಾ, ಮಂದ್ಯಾಗ ತಲಿ ಎತ್ತದಂಗ ಮಾಡಿದಿ ನೀ ನನ್ನ,” ಎಂದ. “ಒಡಹುಟ್ಟಿದವ ಅದಾನ, ಅಂಗಡಿ ಅದ, ಮನಿ ಅದ. ಅಕ್ಕನ್ನ ಬಾಜೂ ಮನಿಯವರು ತೊಳೀತಾರ ಅಂತ ನಾ ಫೋನಿನ್ಯಾಗ ನೋಡಬೇಕೇನು?”

ಅವನ ಕಣ್ಣಲ್ಲಿ ನೀರಿತ್ತು. ನಾನು ಎದ್ದೆ. ಅವನೆದುರೇ ಅಡುಗೆಮನೆಗೆ ನಡೆದು ಚಹಾ ಮಾಡಿ ತಂದೆ. ಬಚ್ಚಲಿಗೆ ಹೋಗಿ ಬಂದೆ. ಅವತ್ತು ಹೇಳಿದ್ದೆಲ್ಲ ಸುಳ್ಳು, ಮಷೀನು ಉಳಿಸಿಕೊಳ್ಳಲು ಹೇಳಿದ್ದು, ನಾನು ಆರಾಮ ಇದ್ದೇನೆ ಎಂದು ಬಿಡಿಸಿ ಹೇಳಿದೆ. ಅವನು ಚಹಾ ಮುಟ್ಟಲಿಲ್ಲ.

“ನನ್ನ ಮುಂದ ನಾಟಕ ಮಾಡಬ್ಯಾಡ ಅಕ್ಕಾ,” ಎಂದ.

ನಿಮ್ಮೆದುರು ಆಡಿದ ನಾಟಕವನ್ನು ಊರು ನಿಜವೆಂದು ನಂಬಿತು, ತಮ್ಮನೆದುರು ನಡೆದು ತೋರಿಸಿದ ನಿಜ ನಾಟಕವಾಯಿತು. ಈ ಅಮಾವಾಸ್ಯೆ ಕಳೆದ ಮೇಲೆ ಬಂದು ಹನುಮಸಾಗರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಹೋಗಿದ್ದಾನೆ. ಮನೆ ಖಾಲಿಯಾಗುತ್ತದೆ ಎಂದು ಮಾಲೀಕರಿಗೂ ತಿಳಿಸಿದ್ದಾನೆ. ಮಾಲೀಕರಿಗೂ ಅದೇ ಬೇಕಾಗಿತ್ತು. ತಮ್ಮ ಮನೆಯಲ್ಲಿ ಒಂದು ಸಾವಾದರೆ ಆಮೇಲೆ ಬಾಡಿಗೆಗೆ ಯಾರು ಬರುತ್ತಾರೆ?

ಹೀಗೆ ಮಷೀನು ಉಳಿಯಿತು ಮಾನ್ಯರೇ, ಅದು ಯಾವ ಬದುಕಿಗಾಗಿ ಬೇಕಾಗಿತ್ತೋ ಆ ಬದುಕು ಹೊರಟು ನಿಂತಿದೆ. ಈಗ ನನಗೆ ನಿಮ್ಮನ್ನು ಒಂದು ಮಾತು ಕೇಳಬೇಕಾಗಿದೆ. ಈ ಮಷೀನು, ಆ ವಾಕರು, ಆ ಎತ್ತುವ ಮಂಚ, ಇವನ್ನೆಲ್ಲ ನೀವು ಯಾತಕ್ಕೆ ಕೊಡುತ್ತೀರಿ? ಮಲಗಿದವರು ಇನ್ನಷ್ಟು ಚೆನ್ನಾಗಿ ಮಲಗಲಿ ಎಂದೇ, ಅಥವಾ ಎದ್ದು ತಮ್ಮ ಕೆಲಸ ತಾವು ಮಾಡಿಕೊಳ್ಳಲಿ ಎಂದೇ? ಎದ್ದು ಓಡಾಡಲಿ ಎಂದಾದರೆ, ಎದ್ದವರನ್ನು ಕಂಡ ಕೂಡಲೇ ಯಾಕೆ ಕಸಿದುಕೊಳ್ಳುತ್ತೀರಿ? ನೀವು ಕನ್ನಡಕ ಹಾಕುತ್ತೀರಿ. ಕನ್ನಡಕದಲ್ಲಿ ಪತ್ರಿಕೆ ಓದುವುದನ್ನು ನೋಡಿ ಯಾರೂ ನಿಮ್ಮ ಕನ್ನಡಕ ಒಯ್ದಿಲ್ಲ. ಬೇರೆ ಯಾರಿಗೋ ಹೆಚ್ಚು ಬೇಕಾಗಿರಬಹುದು, ಮಷೀನುಗಳು ಕಡಿಮೆ ಇರಬಹುದು, ಆ ಕಷ್ಟ ನನಗೂ ಅರ್ಥವಾಗುತ್ತದೆ. ಹಾಗಿದ್ದರೆ ಹಾಗೆಂದೇ ಹೇಳಿ. ನೀನು ಗುಣವಾಗಿರುವೆ ಎಂದು ಹೇಳಬೇಡಿ. ನನ್ನ ಎದೆ ಗುಣವಾಗುವಂಥದ್ದಲ್ಲ. ಗುಣವಾಗದ ಎದೆ ಇಟ್ಟುಕೊಂಡು ಚೆನ್ನಾಗಿ ಬದುಕುವುದನ್ನು ನಾನು ಕಲಿತಿದ್ದೆ, ನಿಮ್ಮ ಕಚೇರಿಗೆ ಅದು ಅಪರಾಧವಾಗಿ ಕಂಡಿತು.

ನನ್ನ ತಪ್ಪನ್ನು ಮುಚ್ಚಿಡುವುದಿಲ್ಲ. ಸುಳ್ಳು ಹೇಳಿದವಳು ನಾನು, ಕೈ ತೋರಿಸಿದ್ದು ನನ್ನ ಕೈ. ಹಸಿದವರು ಕದ್ದರೂ ಅದು ಕಳ್ಳತನವೇ ಎಂದು ನನ್ನ ತಾಯಿ ಹೇಳುತ್ತಿದ್ದಳು. ಆದರೆ ಒಂದು ಊಟಕ್ಕೆ ಕಳ್ಳತನವನ್ನೇ ಬಾಗಿಲಾಗಿ ಇಟ್ಟವರನ್ನು ಏನೆನ್ನಬೇಕು ಎಂದು ಅವಳು ಹೇಳಿಕೊಡಲಿಲ್ಲ. ಈ ಪತ್ರದಿಂದ ಮಷೀನು ಹೋಗಬಹುದು ಎಂದು ಶಮೀನಾ ಎರಡು ದಿನ ನನ್ನ ಜೊತೆ ಜಗಳವಾಡಿದಳು. ಹೋಗಬಹುದು, ನನಗೂ ಭಯವಿದೆ. ಆ ಮಧ್ಯಾಹ್ನದ ಉಗುರುಗಳ ಬಣ್ಣ ನಾನು ಮರೆತಿಲ್ಲ. ಆದರೆ ಪೈಪು ಮೂಗಿನಲ್ಲಿದ್ದೂ ಊರಿನ ಕಣ್ಣಿಗೆ ಸತ್ತವಳಾಗಿ ಇರುವುದು ನನ್ನಿಂದ ಆಗುತ್ತಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮತ್ತೊಮ್ಮೆ ಬನ್ನಿ, ಅಮಾವಾಸ್ಯೆಯ ಮೊದಲು ಬನ್ನಿ. ಕ್ಲಿಪ್ಪು ತನ್ನಿ, ಜೊತೆಗೊಬ್ಬ ಡಾಕ್ಟರನ್ನೂ ತನ್ನಿ. ಅವರೆದುರು ಪೈಪು ತೆಗೆದು ಒಮ್ಮೆ ನೋಡಿ, ಹಾಕಿ ಒಮ್ಮೆ ನೋಡಿ. ಆ ಎರಡರ ನಡುವಿನ ಅಂತರವೇ ಮಷೀನು ಮಾಡುವ ಕೆಲಸ, ಅದೇ ನನ್ನ ಅರ್ಹತೆ. ಇಡೀ ಜಿಲ್ಲೆಗೆ ಇದನ್ನೇ ನಿಯಮ ಮಾಡಿ, ಕಟ್ಟಿಗೆಯ ಹಿಂದೆ ಬಚ್ಚಿಟ್ಟ ವಾಕರುಗಳು ತಾವಾಗಿಯೇ ಹೊರಬರುತ್ತವೆ. ಸ್ನಾನ ಯಾರು ಮಾಡಿಸುತ್ತಾರೆ ಎಂದು ಬಾಗಿಲ ತುಂಬ ಮಂದಿ ನಿಂತಿರುವಾಗ ಯಾರನ್ನೂ ಕೇಳಬೇಡಿ. ಇದರಿಂದ ನಿಮಗೆ ಏನೇನು ಮಾಡಿಕೊಳ್ಳಲು ಬಂತು ಎಂದು ಕೇಳಿ, ಹೇಳಲು ನಮ್ಮ ಹತ್ತಿರ ಬಹಳ ಇದೆ. ಆ ಫೋಟೋವನ್ನು ಹಿಂತೆಗೆದುಕೊಳ್ಳಿ. ಫೋಟೋ ಬೇಕೇ ಬೇಕು ಎಂದಾದರೆ ನಾನು ಹೊಲಿಯುತ್ತ ಕೂತಾಗ ತೆಗೆಯಿರಿ, ಫಕೀರಮ್ಮನೂ ನನ್ನ ತಮ್ಮನೂ ಅದನ್ನೂ ನೋಡಲಿ.

ಬರುವ ಮುಂಚೆ ಫೋನು ಮಾಡಬೇಡಿ. ಕದ ತಟ್ಟಿ ಒಂದಿಷ್ಟು ನಿಲ್ಲಿ. ಪೈಪು ಸರಿಮಾಡಿಕೊಂಡು, ಸೆರಗು ಹೊದ್ದುಕೊಂಡು, ಎದ್ದು ಬರಲು ನನಗೆ ಹೊತ್ತು ಹಿಡಿಯುತ್ತದೆ. ಸದ್ದು ಕೇಳಿ ಪಕ್ಕದ ಮನೆಯಿಂದ ಶಮೀನಾ ಬಂದು, ನಾ ತಗೀಲೇನ್ರಿ ಎಂದರೆ ಬೇಡ ಎನ್ನಿ. ಕದ ನಾನೇ ತೆಗೆಯುತ್ತೇನೆ.

ಇಂತಿ,
ನಿಮ್ಮ ಕಡತದಲ್ಲಿ ಹಾಸಿಗೆ ಹಿಡಿದಿರುವ, ತನ್ನ ಮನೆಯಲ್ಲಿ ಇನ್ನೂ ಓಡಾಡುತ್ತಿರುವ
ಹೇಮಾವತಿ
ರವಿಕೆ ಹೊಲಿಯುವವಳು, ಗಂಗಾವತಿ